ಸಾಂಕ್ರಾಮಿಕ ಕಾಲದ ರಕ್ಷಣಾ ಸಾಮಗ್ರಿ: ಖರೀದಿಯಿಂದ ಉಗ್ರಾಣದವರೆಗೆ

ಉಸಿರಿನ ಮೂಲಕ ಹರಡುವ ಹೊಸ ರೋಗವೊಂದು ಕಾಣಿಸಿಕೊಂಡಾಗ ಲಸಿಕೆ, ಔಷಧಿಗಳು ಸಿದ್ಧವಾಗಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ವೈದ್ಯರು, ದಾದಿಯರು, ಆಂಬುಲೆನ್ಸ್ ಸಿಬ್ಬಂದಿ, ವೃದ್ಧಾಶ್ರಮದ ಆಯಾಗಳು ನೆಚ್ಚಿಕೊಳ್ಳಬೇಕಾದುದು ಮಾಸ್ಕ್, ಗೌನು, ಕೈಗವಸು, ಕನ್ನಡಕ, ಮುಖಕವಚಗಳನ್ನೇ. ಇವಕ್ಕೆಲ್ಲ ಸೇರಿ ವೈಯಕ್ತಿಕ ರಕ್ಷಣಾ ಸಾಮಗ್ರಿ ಅಥವಾ ಪಿಪಿಇ ಎಂಬ ಹೆಸರಿದೆ. ಬಿಡಿಯಾಗಿ ನೋಡಿದರೆ ಇವು ಅಗ್ಗದ ವಸ್ತುಗಳು. ಹೆಚ್ಚಿನವು ಒಮ್ಮೆ ಬಳಸಿ ಎಸೆಯುವಂಥವು. ಆದರೆ ಬೇಕಾದ ದಿನ, ಬೇಕಾದಷ್ಟು, ಸುಸ್ಥಿತಿಯಲ್ಲಿ ಇವು ಕೈಗೆ ಸಿಗಬೇಕಾದರೆ ಸರ್ಕಾರ ಎರಡು ಕೆಲಸಗಳನ್ನು ಸರಿಯಾಗಿ ಮಾಡಿರಬೇಕು: ಕೊಳ್ಳುವುದು ಮತ್ತು ಕಾಪಾಡುವುದು. ಕೋವಿಡ್ ಕಾಲದಲ್ಲಿ ಮೊದಲನೆಯದಕ್ಕೆ ಸಿಕ್ಕಷ್ಟು ಗಮನ ಎರಡನೆಯದಕ್ಕೆ ಸಿಗಲಿಲ್ಲ. ಅದರ ಬೆಲೆ ಏನೆಂಬುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಅನುಭವದಿಂದ ತಿಳಿಯುತ್ತದೆ.

ಫಾಸ್ಟರ್ ಸಿಟಿ ಮತ್ತು ಅದರ ಕೌಂಟಿ

ಫಾಸ್ಟರ್ ಸಿಟಿ ಈ ಕೊಲ್ಲಿಯ ಜೌಗು ನೆಲಕ್ಕೆ ಮಣ್ಣು ತುಂಬಿ ಕಟ್ಟಿದ ಯೋಜಿತ ನಗರ. ಜನಸಂಖ್ಯೆ ಸುಮಾರು 34 ಸಾವಿರ; ಭಾರತೀಯ ಮೂಲದ ಕುಟುಂಬಗಳು ಇಲ್ಲಿ ಗಣನೀಯವಾಗಿವೆ. ಇದು ಸ್ಯಾನ್ ಮಾಟಿಯೊ ಕೌಂಟಿಗೆ, ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕಕ್ಕೆ, ಸೇರಿದೆ. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಆರೋಗ್ಯದ ಹೊಣೆ ಹೆಚ್ಚಾಗಿ ಕೌಂಟಿಯದು. ಆಸ್ಪತ್ರೆಯಲ್ಲಿ ಮಾಸ್ಕ್ ಮುಗಿದರೆ ಬೇಡಿಕೆ ಮೊದಲು ಹೋಗುವುದು ಕೌಂಟಿಗೆ. ಅಲ್ಲಿಯೂ ಇಲ್ಲದಿದ್ದರೆ ರಾಜ್ಯಕ್ಕೆ, ಕೊನೆಗೆ ಕೇಂದ್ರ ಸರ್ಕಾರದ ದಾಸ್ತಾನಿಗೆ.

2020ರ ಮಾರ್ಚ್ 16ರಂದು ಸ್ಯಾನ್ ಮಾಟಿಯೊ ಸೇರಿ ಕೊಲ್ಲಿ ಪ್ರದೇಶದ ಆರು ಕೌಂಟಿಗಳು ಜನರು ಮನೆಯಲ್ಲೇ ಇರಬೇಕೆಂದು ಆದೇಶ ಹೊರಡಿಸಿದವು. ಅಮೆರಿಕದಲ್ಲಿ ಇಂಥ ಆದೇಶಗಳಲ್ಲಿ ಇದೇ ಮೊದಲಿನದು. ಫಾಸ್ಟರ್ ಸಿಟಿಯಲ್ಲೇ ಪ್ರಧಾನ ಕಚೇರಿ ಇರುವ ಗಿಲಿಯಡ್ ಸೈನ್ಸಸ್ ಕಂಪನಿಯ ರೆಮ್‌ಡೆಸಿವಿರ್ ಔಷಧಿಗೆ ತುರ್ತು ಬಳಕೆಯ ಅನುಮತಿ ದೊರೆತದ್ದು ಮೇ 1ರಂದು. ಮೊದಲ ಲಸಿಕೆಗೆ ಅನುಮತಿ ಬಂದದ್ದು ಡಿಸೆಂಬರ್‌ನಲ್ಲಿ. ಮಾರ್ಚ್‌ನಿಂದ ಅಲ್ಲಿಯವರೆಗಿನ ಒಂಬತ್ತು ತಿಂಗಳು ಆರೋಗ್ಯ ಸಿಬ್ಬಂದಿಯನ್ನು ಕಾಯಬೇಕಾಗಿದ್ದುದು ಉಗ್ರಾಣದ ಪೆಟ್ಟಿಗೆಗಳೇ.

ಮಾಸ್ಕಿನೊಳಗಿನ ವಿಜ್ಞಾನ

ದಾಸ್ತಾನಿನ ಕಷ್ಟ ಅರ್ಥವಾಗಬೇಕಾದರೆ ಎನ್-95 ಮಾಸ್ಕ್ ಹೇಗೆ ಕೆಲಸ ಮಾಡುತ್ತದೆಂದು ತಿಳಿದಿರಬೇಕು. ಇದರ ಮುಖ್ಯ ಪದರ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನದು. ಪ್ಲಾಸ್ಟಿಕ್ಕನ್ನು ಕರಗಿಸಿ, ಬಿಸಿಗಾಳಿಯ ರಭಸದಲ್ಲಿ ಊದಿ, ಕೂದಲಿಗಿಂತ ಹತ್ತಾರು ಪಟ್ಟು ಸಪೂರವಾದ ಎಳೆಗಳ ಹಾಸನ್ನು ಮಾಡಲಾಗುತ್ತದೆ. ಇದಕ್ಕೆ ಮೆಲ್ಟ್‌ಬ್ಲೋನ್ ಬಟ್ಟೆ ಎಂದು ಹೆಸರು.

ದೊಡ್ಡ ಕಣಗಳು ಗಾಳಿಯೊಂದಿಗೆ ತಿರುಗಲಾರದೆ ನೇರವಾಗಿ ಎಳೆಗೆ ಬಡಿದು ಅಂಟಿಕೊಳ್ಳುತ್ತವೆ. ಅತಿ ಸಣ್ಣ ಕಣಗಳು ಗಾಳಿಯ ಅಣುಗಳ ಬಡಿತಕ್ಕೆ ಸಿಕ್ಕಿ ಅಡ್ಡಾದಿಡ್ಡಿ ಚಲಿಸುತ್ತ ಎಳೆಗೆ ತಾಗುತ್ತವೆ. ಬರಿಯ ಎಳೆಗಳ ಜಾಲದಿಂದ ಹೆಚ್ಚು ತಪ್ಪಿಸಿಕೊಳ್ಳುವುದು ಇವೆರಡರ ನಡುವಿನ, ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳು. ಅವನ್ನು ಹಿಡಿಯಲು ಎಳೆಗಳಿಗೆ ದೀರ್ಘಕಾಲ ಉಳಿಯುವ ಸ್ಥಾಯಿ ವಿದ್ಯುದಾವೇಶ ಕೊಡಲಾಗಿರುತ್ತದೆ. ಹೀಗಾಗಿ ಉಸಿರಾಟಕ್ಕೆ ತೊಡಕಾಗುವಷ್ಟು ಬಟ್ಟೆಯನ್ನು ದಪ್ಪ ಮಾಡದೆಯೇ ಶೇ. 95ರಷ್ಟು ಕಣಗಳನ್ನು ತಡೆಯಬಹುದು. ಈ ಆವೇಶವೇ ಮಾಸ್ಕಿನ ಜೀವ. ಆಲ್ಕೋಹಾಲಿನಲ್ಲಿ ಅದ್ದಿದರೆ ಅದು ಹೊರಟುಹೋಗುತ್ತದೆ. ನೋಡಲು ಮಾಸ್ಕ್ ಹಾಗೆಯೇ ಇದ್ದರೂ ರಕ್ಷಣೆ ಕುಗ್ಗಿರುತ್ತದೆ.

ಎರಡನೆಯ ಅಂಶ ಮುಖಕ್ಕೆ ಬಿಗಿಯಾಗಿ ಕೂರುವುದು. ಮೂಗಿನ ಮೇಲಿನ ಲೋಹದ ಪಟ್ಟಿ, ಅದರಡಿಯ ಸ್ಪಂಜು, ತಲೆಯ ಹಿಂದಿನ ಎರಡು ಇಲಾಸ್ಟಿಕ್ ಪಟ್ಟಿಗಳು ಈ ಕೆಲಸ ಮಾಡುತ್ತವೆ. ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಪಟ್ಟಿ ಸಡಿಲವಾದರೆ ಗಾಳಿ ಅಂಚಿನಿಂದ ನುಗ್ಗುತ್ತದೆ. ದಾಸ್ತಾನಿನಲ್ಲಿ ವರ್ಷಗಟ್ಟಲೆ ಇದ್ದ ಮಾಸ್ಕುಗಳಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಈ ಇಲಾಸ್ಟಿಕ್ ಮತ್ತು ಸ್ಪಂಜುಗಳೇ.

ಕಟ್ಟಿದ ದಾಸ್ತಾನು, ಬಿಟ್ಟ ದಾಸ್ತಾನು

ಕ್ಯಾಲಿಫೋರ್ನಿಯಾ ಮುನ್ನೆಚ್ಚರಿಕೆ ಇಲ್ಲದ ರಾಜ್ಯವಾಗಿರಲಿಲ್ಲ. ಹಕ್ಕಿಜ್ವರದ ಭೀತಿ ಹರಡಿದ್ದ 2006ರಲ್ಲಿ ಗವರ್ನರ್ ಅರ್ನಾಲ್ಡ್ ಶ್ವಾರ್ಜನೆಗರ್ ಆಡಳಿತ 20 ಕೋಟಿ ಡಾಲರ್‌ಗೂ ಹೆಚ್ಚು ಹಣದ ಯೋಜನೆ ರೂಪಿಸಿತು. ತಲಾ 200 ಹಾಸಿಗೆಗಳ ಮೂರು ಸಂಚಾರಿ ಆಸ್ಪತ್ರೆಗಳು, 5 ಕೋಟಿ ಎನ್-95 ಮಾಸ್ಕುಗಳು, 2,400 ವೆಂಟಿಲೇಟರ್‌ಗಳು ಅದರಲ್ಲಿದ್ದವು. ಆಮೇಲೆ ಆರ್ಥಿಕ ಕುಸಿತ ಬಂತು. 2011ರಲ್ಲಿ ಗವರ್ನರ್ ಜೆರಿ ಬ್ರೌನ್ ಆಡಳಿತ ಇದರ ನಿರ್ವಹಣೆಯ ಹಣ ನಿಲ್ಲಿಸಿತು. ಇದರಿಂದ ಉಳಿತಾಯವಾದದ್ದು ವರ್ಷಕ್ಕೆ 58 ಲಕ್ಷ ಡಾಲರ್. 2020ರಲ್ಲಿ ರಾಜ್ಯ ತನ್ನ ಉಗ್ರಾಣ ತೆರೆದಾಗ ಸಿಕ್ಕ ಸುಮಾರು 2.1 ಕೋಟಿ ಎನ್-95 ಮಾಸ್ಕುಗಳು ಅವಧಿ ಮೀರಿದ್ದವು.

ರಾಷ್ಟ್ರೀಯ ದಾಸ್ತಾನಿನ ಸ್ಥಿತಿಯೂ ಭಿನ್ನವಾಗಿರಲಿಲ್ಲ. 2009ರ ಎಚ್1ಎನ್1 ಸಾಂಕ್ರಾಮಿಕದಲ್ಲಿ ಅಲ್ಲಿಂದ 8.5 ಕೋಟಿಯಷ್ಟು ಎನ್-95 ಮಾಸ್ಕುಗಳು ಹೊರಹೋದವು. ಆ ಜಾಗವನ್ನು ಮತ್ತೆ ಪೂರ್ತಿ ತುಂಬಲಿಲ್ಲ. 2020ರ ಆರಂಭದಲ್ಲಿ ಉಳಿದಿದ್ದುದು ಸುಮಾರು 1.2 ಕೋಟಿ. ವರ್ಷಪೂರ್ತಿಯ ಸಾಂಕ್ರಾಮಿಕಕ್ಕೆ ದೇಶಕ್ಕೆ 350 ಕೋಟಿ ಮಾಸ್ಕುಗಳು ಬೇಕಾಗಬಹುದೆಂದು ಅಮೆರಿಕದ ಆರೋಗ್ಯ ಇಲಾಖೆ ಅಂದಾಜು ಮಾಡಿತ್ತು.

ಬರಿಗೈಯಲ್ಲಿ ಖರೀದಿ

ದಾಸ್ತಾನಿಲ್ಲದ ಸರ್ಕಾರ ಎಲ್ಲರೂ ಕೊಳ್ಳಲು ನುಗ್ಗಿರುವ ಮಾರುಕಟ್ಟೆಗೇ ಇಳಿಯಬೇಕಾಗುತ್ತದೆ. ಕೋವಿಡ್‌ಗೆ ಮೊದಲು ಜಗತ್ತಿನ ಮಾಸ್ಕುಗಳಲ್ಲಿ ಅರ್ಧದಷ್ಟು ತಯಾರಾಗುತ್ತಿದ್ದುದು ಚೀನಾದಲ್ಲಿ. ಸೋಂಕು ಮೊದಲು ಹಬ್ಬಿದ್ದೂ ಅಲ್ಲಿಯೇ. ಹಾಗಾಗಿ ಪೂರೈಕೆ ಕಡಿಮೆಯಾದ ಹೊತ್ತಿಗೇ ಬೇಡಿಕೆ ಏರಿತು. 2020ರ ಮಾರ್ಚ್ 3ರ ಹೊತ್ತಿಗೆ ಸರ್ಜಿಕಲ್ ಮಾಸ್ಕಿನ ಬೆಲೆ ಆರು ಪಟ್ಟು, ಎನ್-95 ಬೆಲೆ ಮೂರು ಪಟ್ಟು, ಗೌನಿನ ಬೆಲೆ ಎರಡು ಪಟ್ಟಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಅಮೆರಿಕದಲ್ಲಿ ರಾಜ್ಯಗಳು, ಕೌಂಟಿಗಳು, ಆಸ್ಪತ್ರೆಗಳು ಒಂದರ ಮೇಲೊಂದು ಪೈಪೋಟಿಗೆ ಬಿದ್ದು ಬೆಲೆಯನ್ನು ಇನ್ನಷ್ಟು ಏರಿಸಿದವು.

ಇಂಥ ಹೊತ್ತಿನಲ್ಲಿ ಟೆಂಡರ್ ಕರೆದು ವಾರಗಟ್ಟಲೆ ಕಾಯಲಾಗದು. ಹೀಗಾಗಿ ಸರ್ಕಾರಗಳು ಸಾಮಾನ್ಯವಾಗಿ ಖರೀದಿ ನಿಯಮಗಳನ್ನು ಸಡಿಲಿಸುತ್ತವೆ. ಕ್ಯಾಲಿಫೋರ್ನಿಯಾ ಮಾರ್ಚ್ 4ರಂದು ತುರ್ತು ಪರಿಸ್ಥಿತಿ ಘೋಷಿಸಿದಾಗ ಹೀಗೆಯೇ ಮಾಡಿತು. ಸಡಿಲಿಕೆ ಅನಿವಾರ್ಯ, ಅದರೊಂದಿಗೆ ಅಪಾಯವೂ ಬರುತ್ತದೆ. ಮಾರ್ಚ್ ಅಂತ್ಯದಲ್ಲಿ ರಾಜ್ಯ 10 ಕೋಟಿ ಮಾಸ್ಕುಗಳಿಗಾಗಿ ಆಗಷ್ಟೇ ಹುಟ್ಟಿಕೊಂಡಿದ್ದ ಕಂಪನಿಯೊಂದಕ್ಕೆ 45 ಕೋಟಿ ಡಾಲರ್‌ಗೂ ಹೆಚ್ಚು ಹಣ ಕಳುಹಿಸಿತು. ಬ್ಯಾಂಕುಗಳು ಸಂಶಯ ವ್ಯಕ್ತಪಡಿಸಿದ್ದರಿಂದ ವ್ಯವಹಾರ ರದ್ದಾಗಿ ಹಣ ಹಿಂದಿರುಗಿತು. ಏಪ್ರಿಲ್‌ನಲ್ಲಿ ಚೀನಾದ ಬಿವೈಡಿ ಕಂಪನಿಯೊಂದಿಗೆ ತಿಂಗಳಿಗೆ 20 ಕೋಟಿ ಮಾಸ್ಕುಗಳ, ಸುಮಾರು 100 ಕೋಟಿ ಡಾಲರ್‌ನ ಒಪ್ಪಂದವಾಯಿತು. ಎನ್-95 ಮಾಸ್ಕುಗಳಿಗೆ ಅಮೆರಿಕದ ಪ್ರಮಾಣಪತ್ರ ಮೊದಲ ಪ್ರಯತ್ನದಲ್ಲಿ ಸಿಗಲಿಲ್ಲ; ಜೂನ್‌ನಲ್ಲಿ ಸಿಕ್ಕಿತು. ಪ್ರಮಾಣೀಕರಣಕ್ಕೆ ಗಡುವು ಹಾಕಿ ಮುಂಗಡ ವಾಪಸಾತಿಯನ್ನು ಅದಕ್ಕೆ ಜೋಡಿಸಿದ್ದರಿಂದ, ವಿಳಂಬವಾದಾಗ ರಾಜ್ಯಕ್ಕೆ 24.7 ಕೋಟಿ ಡಾಲರ್ ಮರಳಿ ಬಂತು. ಆತುರದ ಖರೀದಿಯಲ್ಲಿಯೂ ಗುಣಮಟ್ಟಕ್ಕೂ ಹಣಕ್ಕೂ ಕೊಂಡಿ ಬಿಗಿಯಬಹುದೆಂದು ಈ ಷರತ್ತು ತೋರಿಸಿತು.

ಮಳೆಯಲ್ಲಿ ನೆನೆದ ಪೆಟ್ಟಿಗೆಗಳು

ಕೊರತೆಯ ಭಯದಲ್ಲಿ ಕೊಂಡದ್ದು ಕೆಲವು ತಿಂಗಳಲ್ಲೇ ಹೆಚ್ಚುವರಿಯಾಗುತ್ತದೆ. ಸ್ಯಾನ್ ಮಾಟಿಯೊ ಕೌಂಟಿಯಲ್ಲಿಯೂ ಹಾಗೆಯೇ ಆಯಿತು. 2020ರಲ್ಲಿ ಕೊಂಡ ಸಾಮಗ್ರಿಗಳನ್ನು ಫಾಸ್ಟರ್ ಸಿಟಿಯ ನೆರೆಯ ಸ್ಯಾನ್ ಮಾಟಿಯೊ ನಗರದ ಕೌಂಟಿ ಈವೆಂಟ್ ಸೆಂಟರ್‌ನಲ್ಲಿ ಇಡಲಾಗಿತ್ತು. ಅದು ಮೇಳ, ಪ್ರದರ್ಶನಗಳು ನಡೆಯುವ ಸ್ಥಳ, ಉಗ್ರಾಣಕ್ಕೆಂದು ಕಟ್ಟಿದ್ದಲ್ಲ. ಸೋಂಕು ಇಳಿದು ಕಾರ್ಯಕ್ರಮಗಳು ಮತ್ತೆ ಶುರುವಾದಾಗ ಜಾಗ ಬೇಕಾಯಿತು. 2022ರಲ್ಲಿ ಗೌನು, ಮುಖಕವಚ ಮೊದಲಾದ ಸಾಮಗ್ರಿಗಳ ಪೆಟ್ಟಿಗೆಗಳನ್ನು ಹೊರಗಿನ ಬಯಲಿಗೆ ಸಾಗಿಸಲಾಯಿತು. ಅವು ಮತ್ತೆ ಒಳಗೆ ಹೋಗಲಿಲ್ಲ. ಆ ವರ್ಷದ ಡಿಸೆಂಬರ್ ಕೊನೆಯಿಂದ ಮರುವರ್ಷದ ಜನವರಿ ಮಧ್ಯದವರೆಗೆ ಕ್ಯಾಲಿಫೋರ್ನಿಯಾದ ಮೇಲೆ ಸಾಲುಸಾಲಾಗಿ ಬಿರುಮಳೆಗಳು ಸುರಿದವು. ಲಕ್ಷಾಂತರ ಡಾಲರ್ ಮೌಲ್ಯದ ಸಾಮಗ್ರಿ ನೆನೆದು ಕುಳಿತಿರುವುದು 2023ರ ಜನವರಿಯಲ್ಲಿ ಸ್ಥಳೀಯ ಟಿವಿ ವರದಿಯಿಂದ ಬಯಲಾಯಿತು. ಕೌಂಟಿ ಸ್ವತಂತ್ರ ತನಿಖೆಗೆ ಮುಂದಾಯಿತು.

ಬಿಸಿಲು ಮಳೆಗಳಲ್ಲಿ ಈ ವಸ್ತುಗಳಿಗೆ ಆಗುವ ಹಾನಿ ಒಂದೇ ಬಗೆಯದಲ್ಲ. ಪಾಲಿಪ್ರೊಪಿಲೀನಿನ ಉದ್ದನೆಯ ಅಣುಸರಪಳಿಗಳನ್ನು ಸೂರ್ಯನ ನೇರಳಾತೀತ ಕಿರಣಗಳು ತುಂಡರಿಸುತ್ತವೆ. ಗೌನು, ಮಾಸ್ಕಿನ ಬಟ್ಟೆ ಪೆಡಸಾಗಿ ಹರಿಯತೊಡಗುತ್ತದೆ. ನೈಟ್ರೈಲ್ ಮತ್ತು ರಬ್ಬರ್ ಕೈಗವಸುಗಳು ಶಾಖ, ಬೆಳಕು, ಓಜೋನ್‌ಗಳಿಂದ ಆಕ್ಸಿಡೀಕರಣಗೊಂಡು ಬಿರುಕು ಬಿಡುತ್ತವೆ. ನೀರು ಪ್ಲಾಸ್ಟಿಕ್ಕನ್ನು ಕರಗಿಸದಿದ್ದರೂ ರಟ್ಟಿನ ಪೆಟ್ಟಿಗೆಯನ್ನು ಕುಸಿಯುವಂತೆ ಮಾಡುತ್ತದೆ, ಬೂಷ್ಟು ಹಿಡಿಸುತ್ತದೆ. ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ, ತಯಾರಿಕೆಯ ದಿನಾಂಕ ಅಳಿಸಿಹೋದರೆ ಒಳಗಿನ ವಸ್ತು ಸರಿಯಿದ್ದರೂ ಆಸ್ಪತ್ರೆ ಅದನ್ನು ನಂಬಿ ಬಳಸುವಂತಿಲ್ಲ. ಸ್ಯಾನಿಟೈಸರ್‌ನ ಸಮಸ್ಯೆ ಬೇರೆಯೇ. ಅದು ಬೆಂಕಿ ಹಿಡಿಯುವ ದ್ರವ. ರಾಶಿ ಹಾಕಲು ಅಗ್ನಿಶಾಮಕ ನಿಯಮಗಳಿವೆ, ಅವಧಿ ಮೀರಿದರೆ ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡಬೇಕು.

ಅವಧಿ ಮುಗಿದರೆ ಕೆಟ್ಟಿತೇ?

ಪೆಟ್ಟಿಗೆಯ ಮೇಲಿನ ದಿನಾಂಕ ದಾಟಿದ ಮಾತ್ರಕ್ಕೆ ಮಾಸ್ಕ್ ನಿರುಪಯುಕ್ತವಾಗುವುದಿಲ್ಲ. ತಯಾರಕರು ಸಾಮಾನ್ಯವಾಗಿ ಐದು ವರ್ಷಗಳ ಅವಧಿ ಕೊಡುತ್ತಾರೆ. ಅದು ಹೇಳಿದ ಉಷ್ಣತೆ, ತೇವಾಂಶಗಳೊಳಗೆ ಇಟ್ಟರೆ ಸಿಗುವ ಖಾತರಿ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಿಯೋಷ್ ಹತ್ತು ದಾಸ್ತಾನು ಕೇಂದ್ರಗಳಿಂದ ಸುಮಾರು 4,000 ಮಾಸ್ಕುಗಳನ್ನು ತಂದು ಪರೀಕ್ಷಿಸಿತು. ಅವುಗಳಲ್ಲಿ ಅವಧಿ ಮೀರಿದವು ಬಹಳಷ್ಟಿದ್ದವು. ಶೇ. 98ರಷ್ಟು ಶೋಧನೆ ಮತ್ತು ಉಸಿರಾಟದ ಮಾನದಂಡಗಳಲ್ಲಿ ತೇರ್ಗಡೆಯಾದವು. ಎಂದರೆ ಚೆನ್ನಾಗಿ ಕಾಪಾಡಿದ ದಾಸ್ತಾನನ್ನು ಮಾದರಿ ಪರೀಕ್ಷೆಯ ಆಧಾರದಲ್ಲಿ ಇನ್ನಷ್ಟು ಕಾಲ ಬಳಸಬಹುದು. ಹೇಗೆ ಇಡಲಾಗಿತ್ತೆಂಬ ದಾಖಲೆ ಇಲ್ಲದ ದಾಸ್ತಾನಿಗೆ ಈ ಅವಕಾಶ ಕಡಿಮೆ.

ಕರ್ನಾಟಕದ ಅನುಭವ

ಭಾರತದಲ್ಲಿ 2020ರ ಆರಂಭಕ್ಕೆ ದೇಹಪೂರ್ತಿ ಮುಚ್ಚುವ ಪಿಪಿಇ ಉಡುಪಿನ ತಯಾರಿಕೆ ಇರಲಿಲ್ಲವೆಂದೇ ಹೇಳಬೇಕು. ಮೇ ತಿಂಗಳ ಹೊತ್ತಿಗೆ ದೇಶ ದಿನಕ್ಕೆ 4.5 ಲಕ್ಷ ಉಡುಪುಗಳನ್ನು ಹೊಲಿಯುತ್ತಿತ್ತು. ಅದರಲ್ಲಿ ಅರ್ಧದಷ್ಟು ಬೆಂಗಳೂರಿನದು. ಉಡುಪಿನ ಬಟ್ಟೆಯೂ ಹೊಲಿಗೆಯೂ ಒತ್ತಡದಲ್ಲಿ ಹಾಯಿಸಿದ ಕೃತಕ ರಕ್ತವನ್ನು ತಡೆಯಬೇಕು. ಸೂಜಿ ಮಾಡಿದ ತೂತುಗಳನ್ನು ಬಿಸಿಯೊತ್ತಿನ ಟೇಪಿನಿಂದ ಮುಚ್ಚಬೇಕು. ಕೊಯಮತ್ತೂರಿನ ಜವಳಿ ಸಂಶೋಧನಾ ಸಂಸ್ಥೆ ಸಿಟ್ರಾ ಮತ್ತು ಡಿಆರ್‌ಡಿಒ ಪ್ರಯೋಗಾಲಯಗಳು ಈ ಪರೀಕ್ಷೆಗಳನ್ನು ನಡೆಸಿದವು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳು, ಅಲ್ಲಿನ ಕೆಲಸಗಾರರ ಕೈಚಳಕ ಮೊದಲೇ ಇದ್ದುದರಿಂದ ಇಷ್ಟು ಬೇಗ ತಿರುಗಿಕೊಳ್ಳಲು ಸಾಧ್ಯವಾಯಿತು. ಹತ್ತಿರದಲ್ಲಿರುವ ತಯಾರಿಕಾ ಸಾಮರ್ಥ್ಯವೂ ಒಂದು ಬಗೆಯ ದಾಸ್ತಾನೇ. ಅದಕ್ಕೆ ಅವಧಿ ಮುಗಿಯುವ ಭಯವಿಲ್ಲ.

ಖರೀದಿಯ ಪ್ರಶ್ನೆಗಳು ಇಲ್ಲಿಯೂ ಎದ್ದವು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ತುರ್ತು ಕಾಲದಲ್ಲಿ ಟೆಂಡರ್‌ನಿಂದ ವಿನಾಯಿತಿ ಕೊಡುತ್ತದೆ. ಕೋವಿಡ್ ಕಾಲದ ಖರೀದಿಗಳ ಬಗೆಗಿನ ಆರೋಪಗಳ ತನಿಖೆಗೆ ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಅವರ ಆಯೋಗ ರಚಿಸಿತು. ಟೆಂಡರ್ ಇಲ್ಲದ ಖರೀದಿಯಲ್ಲಿ ದರ, ಪೂರೈಕೆದಾರ, ಗುಣಮಟ್ಟ, ಬಂದ ಸಂಖ್ಯೆ ಇವೆಲ್ಲ ಅಂದಂದೇ ದಾಖಲಾಗಿರಬೇಕು. ಹಾಗಿದ್ದರೆ ವರ್ಷಗಳ ಬಳಿಕವೂ ಸತ್ಯ ತಿಳಿಯುತ್ತದೆ, ಪ್ರಾಮಾಣಿಕ ಅಧಿಕಾರಿಗೂ ರಕ್ಷಣೆ ಸಿಗುತ್ತದೆ.

ಒಳ್ಳೆಯ ದಾಸ್ತಾನಿನ ಕ್ರಮ

2020ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಎರಡು ಕಾನೂನುಗಳನ್ನು ತಂದಿತು. ಒಂದರ ಪ್ರಕಾರ ಆಸ್ಪತ್ರೆಗಳು ಮೂರು ತಿಂಗಳಿಗಾಗುವಷ್ಟು ಪಿಪಿಇ ಇಟ್ಟುಕೊಂಡಿರಬೇಕು. ಇನ್ನೊಂದರ ಪ್ರಕಾರ ರಾಜ್ಯವೇ ಸಾಂಕ್ರಾಮಿಕದ 90 ದಿನಗಳಿಗೆ ಸಾಲುವಷ್ಟು ದಾಸ್ತಾನು ಕಟ್ಟಬೇಕು. ಕಾನೂನು ಪ್ರಮಾಣವನ್ನು ಹೇಳಬಲ್ಲದು. ಅದು ಉಳಿಯಬೇಕಾದರೆ ನಿತ್ಯದ ನಾಲ್ಕು ಕ್ರಮಗಳು ಬೇಕು.

ಮೊದಲನೆಯದು ಚಲನೆ. ಉತ್ತರ ಕರ್ನಾಟಕದ ಹಗೇವಿನಲ್ಲಿ ಜೋಳ ತುಂಬಿಟ್ಟ ರೈತನಿಗೆ ಹಳೆಯದನ್ನು ತೆಗೆದು ಹೊಸದನ್ನು ತುಂಬಬೇಕೆಂಬುದು ಗೊತ್ತು. ಮಾಸ್ಕಿನ ದಾಸ್ತಾನಿಗೂ ಅದೇ ನಿಯಮ. ಹಳೆಯ ಲಾಟ್ ಅವಧಿ ಮುಗಿಯುವ ಮುನ್ನವೇ ಆಸ್ಪತ್ರೆಗಳ ದಿನಬಳಕೆಗೆ ಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಇನ್ನೊಂದು ದಾರಿಯೂ ಇದೆ. ಕಾಳ್ಗಿಚ್ಚಿನ ಹೊಗೆಗೂ ಎನ್-95 ಮಾಸ್ಕೇ ಬೇಕು. 2018ರ ಕ್ಯಾಂಪ್ ಫೈರ್ ಎಂಬ ಕಾಳ್ಗಿಚ್ಚಿನ ಹೊಗೆ ಕೊಲ್ಲಿ ಪ್ರದೇಶವನ್ನು ಆವರಿಸಿತ್ತು. 2020ರ ಆಗಸ್ಟ್‌ನಲ್ಲಿ ಸ್ಯಾನ್ ಮಾಟಿಯೊ ಕೌಂಟಿಯಲ್ಲೇ ಕಾಡು ಹೊತ್ತಿ ಉರಿಯಿತು. ಹೊಲದ ಕೂಲಿಗಳಿಗೆ, ಹೊರಗೆ ದುಡಿಯುವವರಿಗೆ ಪ್ರತಿ ಬೆಂಕಿಯ ಋತುವಿನಲ್ಲಿ ಹಳೆಯ ದಾಸ್ತಾನು ಹಂಚಿದರೆ ಯಾವುದೂ ವ್ಯರ್ಥವಾಗುವುದಿಲ್ಲ.

ಎರಡನೆಯದು ಸ್ಥಳ. ತೇವವಿಲ್ಲದ, ನೆರಳಿನ, ಉಷ್ಣತೆ ಅಳೆಯುವ ಉಗ್ರಾಣ, ನೆಲದಿಂದ ಎತ್ತರಿಸಿದ ಅಟ್ಟಣೆ ಬೇಕು. ಬೇರೆ ಕೆಲಸಕ್ಕೆ ಮೀಸಲಾದ ಕಟ್ಟಡ ತುರ್ತಿಗೆ ಸರಿ, ದೀರ್ಘಕಾಲಕ್ಕೆ ಅಲ್ಲ. ಮೂರನೆಯದು ಲೆಕ್ಕ. ಏನು, ಎಷ್ಟು, ಯಾವ ಲಾಟ್, ಎಂದು ಬಂತು, ಎಲ್ಲಿದೆ ಎಂಬುದರ ಪಟ್ಟಿ ಇರಬೇಕು. ಅದನ್ನು ಆಗಾಗ ಕಣ್ಣಾರೆ ತಾಳೆ ನೋಡಬೇಕು. ಹೆಚ್ಚುವರಿ ಕಂಡರೆ ಅಗತ್ಯವಿರುವ ಕ್ಲಿನಿಕ್‌ಗಳಿಗೆ ಬೇಗ ಕೊಟ್ಟುಬಿಡಬೇಕು.

ನಾಲ್ಕನೆಯದು ಹೊಣೆ ಮತ್ತು ಹಣ. ದಾಸ್ತಾನಿಗೆ ಹೆಸರು ಹೇಳಬಹುದಾದ ಒಬ್ಬ ಅಧಿಕಾರಿ ಇರಬೇಕು. ಅವರು ವರ್ಗವಾದರೆ ಹೊಣೆ ಲಿಖಿತವಾಗಿ ಮುಂದಿನವರಿಗೆ ದಾಟಬೇಕು. ಉಗ್ರಾಣದ ಬಾಡಿಗೆ, ಸಿಬ್ಬಂದಿ, ಮರುಖರೀದಿಗಳಿಗೆ ಬಜೆಟ್ಟಿನಲ್ಲಿ ಪ್ರತಿವರ್ಷ ಹಣ ಇರಬೇಕು, ರೋಗ ಮರೆತುಹೋದ ವರ್ಷಗಳಲ್ಲಿಯೂ. 2011ರ ಉಳಿತಾಯವನ್ನೂ 2020ರ ಖರ್ಚನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಕಾಪಾಡುವ ಖರ್ಚು ಆತುರದಲ್ಲಿ ಕೊಳ್ಳುವ ಖರ್ಚಿನ ಮುಂದೆ ಎಷ್ಟು ಸಣ್ಣದೆಂಬುದು ಸ್ಪಷ್ಟವಾಗುತ್ತದೆ.