ಉಪ್ಪಿನ ಭರಣಿಯಲ್ಲಿ ಬದುಕುವವರು

ಮಾವಿನ ಮಿಡಿಗೆ ಕಲ್ಲುಪ್ಪು ಸುರಿದು ಭರಣಿಯಲ್ಲಿಡುವುದನ್ನು ನೀವು ನೋಡಿರುತ್ತೀರಿ. ಕೆಲವೇ ದಿನಗಳಲ್ಲಿ ಮಿಡಿ ಸುಕ್ಕುಗಟ್ಟುತ್ತದೆ, ಭರಣಿಯಲ್ಲಿ ನೀರು ನಿಲ್ಲುತ್ತದೆ. ಹೊರಗಿನ ಉಪ್ಪು ಒಳಗಿನ ನೀರನ್ನು ಎಳೆದುಕೊಂಡಿರುತ್ತದೆ. ಮೀನಿಗೆ ಉಪ್ಪು ಹಾಕಿದಾಗ ಅದರ ಮೇಲಿನ ಬ್ಯಾಕ್ಟೀರಿಯಾಗಳದೂ ಇದೇ ಗತಿ. ಹಾಗಿದ್ದರೆ ಉಪ್ಪಿನಲ್ಲಿಟ್ಟ ಮೀನು ಹುದುಗುವುದು ಹೇಗೆ?

ಟೋಕಿಯೊದ ಶಿನಾಗಾವಾ ನಿಲ್ದಾಣದಿಂದ ಸ್ವಲ್ಪ ನಡೆದರೆ ಸಾಗರ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಸಿಗುತ್ತದೆ. 2003ರವರೆಗೆ ಅದು ಟೋಕಿಯೊ ಮೀನುಗಾರಿಕಾ ವಿಶ್ವವಿದ್ಯಾಲಯವಾಗಿತ್ತು. ಅಲ್ಲಿನ ತತೆಯೊ ಫುಜಿ ಅವರೂ ಇದ್ದ ತಂಡವೊಂದು 1997ರಲ್ಲಿ ಹೊಸ ಬ್ಯಾಕ್ಟೀರಿಯಾವೊಂದನ್ನು ವರ್ಣಿಸಿತು. ಅದು ಸಿಕ್ಕಿದ್ದು ಸ್ಕ್ವಿಡ್, ಅಂದರೆ ನಮ್ಮ ಕರಾವಳಿಯವರ ಬೊಂಡಾಸ್‌ನ ಯಕೃತ್ತನ್ನು ಉಪ್ಪಿನಲ್ಲಿ ಹುದುಗಿಸಿದ ಸಾಸ್‌ನಲ್ಲಿ. ಹೆಸರು ಟೆಟ್ರಾಜೆನೊಕಾಕಸ್ ಮ್ಯೂರಿಯಾಟಿಕಸ್. ಮೊಸರಿನ ಬ್ಯಾಕ್ಟೀರಿಯಾದಂತೆ ಇದೂ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತದೆ. ಆದರೆ ಉಪ್ಪೇ ಇಲ್ಲದಿದ್ದರೆ ಇದು ಬೆಳೆಯುವುದಿಲ್ಲ!

ಇಂಥ ಬ್ಯಾಕ್ಟೀರಿಯಾಗಳ ಉಪಾಯ ಸರಳ. ಒಳಗೆ ನುಗ್ಗುವ ಸೋಡಿಯಂ ಅನ್ನು ಪಂಪ್ ಮಾಡಿ ಹೊರಹಾಕುತ್ತವೆ. ಬದಲಿಗೆ ಗ್ಲೈಸಿನ್ ಬೀಟೇನ್, ಕಾರ್ನಿಟಿನ್‌ನಂಥ ನಿರುಪದ್ರವಿ ವಸ್ತುಗಳನ್ನು ಹೊರಗಿನಿಂದ ಎಳೆದು ಒಳಗೆ ತುಂಬಿಕೊಳ್ಳುತ್ತವೆ. ಒಳಗೂ ಹೊರಗೂ ಸಮತೂಕವಾದರೆ ನೀರು ಓಡಿಹೋಗುವುದಿಲ್ಲ. ಸ್ವಾರಸ್ಯ ಇಲ್ಲಿದೆ: ಕಡಲಿನ ಉಪ್ಪನ್ನು ತಾಳಿಕೊಳ್ಳಲು ಬೊಂಡಾಸ್ ಕೂಡ ತನ್ನ ಮಾಂಸದಲ್ಲಿ ಬೀಟೇನ್ ಕೂಡಿಟ್ಟಿರುತ್ತದೆ. ಅದು ಸತ್ತ ಮೇಲೆ ಬ್ಯಾಕ್ಟೀರಿಯಾಕ್ಕೆ ಅದೇ ರಕ್ಷಾಕವಚ.

ಅಂದರೆ ಉಪ್ಪು ಎಲ್ಲರನ್ನೂ ಕೊಲ್ಲುವುದಿಲ್ಲ. ಅದು ಬಾಗಿಲಲ್ಲಿ ನಿಂತು, ತಾಳಬಲ್ಲವರನ್ನು ಮಾತ್ರ ಒಳಗೆ ಬಿಡುತ್ತದೆ. ಒಳಗೆ ಬಂದವರೆಲ್ಲ ಒಳ್ಳೆಯವರೇ ಎನ್ನುವಂತಿಲ್ಲ. ಇದೇ ಕುಲದ ಟೆಟ್ರಾಜೆನೊಕಾಕಸ್ ಹ್ಯಾಲೊಫಿಲಸ್ ಸೋಯಾ ಸಾಸ್‌ಗೆ ರುಚಿ ಕೊಡುತ್ತದೆ. ಮ್ಯೂರಿಯಾಟಿಕಸ್ ಹಿಸ್ಟಮಿನ್ ತಯಾರಿಸುತ್ತದೆ. ಹಿಸ್ಟಮಿನ್ ಹೆಚ್ಚಾದರೆ ಮುಖ ಕೆಂಪಾಗುತ್ತದೆ, ತುರಿಕೆ, ತಲೆನೋವು ಬರುತ್ತವೆ. ವಾಸನೆಯಿಂದ ಅದನ್ನು ಪತ್ತೆ ಹಚ್ಚಲಾಗದು, ಹುರಿದರೂ ಅದು ಹೋಗುವುದಿಲ್ಲ.

ರಕ್ತದೊತ್ತಡಕ್ಕೆ ಹೆದರಿ ಈಗ ನಾವೆಲ್ಲ ಉಪ್ಪು ಕಡಿಮೆ ಮಾಡುತ್ತಿದ್ದೇವೆ. ಒಳ್ಳೆಯದೇ. ಆದರೆ ಬಾಗಿಲು ಸಡಿಲಾದರೆ ಬೇರೆಯವರೂ ನುಗ್ಗುತ್ತಾರೆ. 2007ರಲ್ಲಿ ಜಪಾನಿನ ಮಿಯಾಗಿಯಲ್ಲಿ ತಯಾರಾದ ಕಡಿಮೆ ಉಪ್ಪಿನ ಶಿಯೋಕಾರಾ, ಅಂದರೆ ಹುದುಗಿಸಿದ ಬೊಂಡಾಸ್, ತಿಂದು ನೂರಾರು ಜನ ಕಾಯಿಲೆ ಬಿದ್ದರು. ಕಾರಣ ವಿಬ್ರಿಯೊ ಎಂಬ ಕಡಲ ಬ್ಯಾಕ್ಟೀರಿಯಾ. ಹಳೆಯ ಕಾಲದ ಖಾರವಾದ ಉಪ್ಪಿನಲ್ಲಿ ಅದು ಬೆಳೆಯಲಾರದು.

ಹಾಗಾಗಿ ಮನೆಯಲ್ಲಿ ಇಷ್ಟು ನೆನಪಿಡಿ. ಮೀನನ್ನು ಉಪ್ಪಿಗೆ ಹಾಕುವ ಮುಂಚೆಯೂ ತಣ್ಣಗಿಡಿ. ಹಿಸ್ಟಮಿನ್ ಆಗಲೇ ಹುಟ್ಟಬಹುದು. ಕಡಿಮೆ ಉಪ್ಪಿನ ಡಬ್ಬಿಯ ಜಾಗ ಫ್ರಿಜ್, ಕಪಾಟಲ್ಲ. ಉಪ್ಪು ಬೇಡವೆನಿಸಿದರೆ ಒಣಮೀನನ್ನು ಅಡುಗೆಗೆ ತುಸು ಮೊದಲು ನೀರಿನಲ್ಲಿ ನೆನೆಸಿ ತೊಳೆಯಿರಿ. ಅಜ್ಜಿಯ ಅಳತೆಯಿಂದ ಒಂದು ಹಿಡಿ ಉಪ್ಪು ತೆಗೆದರೆ, ಅದರ ಕೆಲಸವನ್ನು ಚಳಿಗೆ ವಹಿಸಲೇಬೇಕು.