ಫಾಂಟು ನೂರಾರು, ಬೇಕಾದ್ದು ಮಾತ್ರ ಸಿಗದು!

ಕಾಸರಗೋಡು: ಮದುವೆ ಕಾಗದ ಮಾಡಿಸಲು ಡಿಟಿಪಿ ಅಂಗಡಿಗೆ ಹೋದವರಿಗೆ ಇದು ಹೊಸತಲ್ಲ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ, ವಿಳಾಸ ಇಂಗ್ಲಿಷಿನಲ್ಲಿ. ಮೂರು ಭಾಷೆಗೆ ಸೇರಿ ಕಂಪ್ಯೂಟರಿನಲ್ಲಿ ಫಾಂಟುಗಳು ನೂರಾರು. ಅವೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಒಂದೇ ಉದ್ದ ಪಟ್ಟಿಯಾಗಿ ಇಳಿದು ಬರುತ್ತವೆ. ಕನ್ನಡದ್ದು ಯಾವುದು, ಮಲಯಾಳದ್ದು ಯಾವುದು ಎಂದು ಪಟ್ಟಿ ಹೇಳುವುದಿಲ್ಲ. "ಇದು ಬೇಡ, ಸ್ವಲ್ಪ ದಪ್ಪದ್ದು ಉಂಟಾ?" ಎಂದು ಗಿರಾಕಿ ಕೇಳಿದರೆ ಮುಗಿಯಿತು, ಮೌಸ್ ತಿರುಗಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಇನ್ನೊಂದು ಫಜೀತಿ ಉಂಟು. ಆರಿಸಿದ ಫಾಂಟಿನಲ್ಲಿ ಕನ್ನಡ ಅಕ್ಷರವೇ ಇಲ್ಲದಿದ್ದರೆ ತಂತ್ರಾಂಶ ಸುಮ್ಮನೆ ಬೇರೊಂದನ್ನು ಹಾಕಿಬಿಡುತ್ತದೆ. ಹತ್ತು ಹೆಸರು ಬದಲಿಸಿದರೂ ಅಕ್ಷರ ಮಾತ್ರ ಇದ್ದ ಹಾಗೇ!

ಇದಕ್ಕಿಂತ ದೊಡ್ಡ ತೊಂದರೆ ಹಳೆ ಫೈಲುಗಳದ್ದು. ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಲಾಗಿತ್ತು. ಎಲ್ಲದರ ಜೋಡಣೆಯೂ ಒಂದೇ ರೀತಿ ಇರಲಿಲ್ಲ. ಅದೇ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಮಾಯ, ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಮಾತ್ರ. ಹಾಗಾಗಿಯೇ ಅಂಗಡಿಯವರು ಹಳೆ ಫಾಂಟು ಒಂದನ್ನೂ ತೆಗೆಯುವ ಧೈರ್ಯ ಮಾಡುವುದಿಲ್ಲ, ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಯುನಿಕೋಡ್ ಈ ಗೊಂದಲಕ್ಕೆ ಪರಿಹಾರ. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವುದರಿಂದ ಫಾಂಟು ಬದಲಾದರೂ ಬರಹ ಕೆಡುವುದಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೇ 'ತುಂಗಾ' ಎಂಬ ಕನ್ನಡ ಯುನಿಕೋಡ್ ಫಾಂಟು ಇತ್ತು. ಈಗ ಮೊಬೈಲಿನಲ್ಲೂ ಕನ್ನಡ ಬರುವುದು ಯುನಿಕೋಡಿನಿಂದಲೇ.

ಹಾಗಾದರೆ ಮಾಡಬೇಕಾದ್ದೇನು? ದಿನಾ ಬೇಕಾಗುವ ನಾಲ್ಕೈದು ಫಾಂಟು ಮಾತ್ರ ಇಟ್ಟುಕೊಂಡು ಉಳಿದವನ್ನು ಬೇರೆ ಫೋಲ್ಡರಿನಲ್ಲಿ ಜೋಪಾನ ಮಾಡಿ, ಬೇಕಾದಾಗ ಹಾಕಿಕೊಳ್ಳಬಹುದು. ಹೆಸರು ಗೊತ್ತಿದ್ದರೆ ಪಟ್ಟಿಯಲ್ಲಿ ಹುಡುಕುವ ಬದಲು ಫಾಂಟಿನ ಚೌಕದಲ್ಲಿ ಹೆಸರನ್ನೇ ಟೈಪ್ ಮಾಡಿದರಾಯಿತು. ಹಳೆ ಫೈಲುಗಳನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತರಬಹುದು. ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದುಂಟು, ಮೂಲ ಪ್ರತಿ ಪಕ್ಕದಲ್ಲಿಟ್ಟು ಒಮ್ಮೆ ಓದಲೇಬೇಕು.

ಶಾಲೆಯ ಸ್ಮರಣ ಸಂಚಿಕೆ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಅಜ್ಜ ಬರೆಸಿಟ್ಟ ಕುಟುಂಬದ ವಂಶಾವಳಿ – ಇವೆಲ್ಲ ನಮ್ಮ ಗಡಿನಾಡಿನ ಕನ್ನಡದ ದಾಖಲೆಗಳೇ. ನಿಮ್ಮಲ್ಲಿ ಹಳೆ ಸಿಡಿ ಇದ್ದರೆ ಈ ಭಾನುವಾರ ಒಮ್ಮೆ ಹಾಕಿ ನೋಡಿ. ಅದನ್ನು ಓದಬಲ್ಲ ಫಾಂಟು ಯಾರಲ್ಲಾದರೂ ಇರುವಾಗಲೇ ಕೆಲಸ ಆಗಬೇಕು.