ವೈರಿಗಳಿಬ್ಬರ ಬಾಯಲ್ಲಿ ಒಂದೇ ಗುಟ್ಟು!

ಸುರಪುರ ತಾಲ್ಲೂಕಿನ ಬೋನಾಳಕ್ಕೆ ಎಲ್ಲರೂ ಬರುವುದು ಕೆರೆಯ ಹಕ್ಕಿ ನೋಡಲು. ನೀವು ಮಾತ್ರ ಹೊಲದ ಬದುವಿನತ್ತ ತಿರುಗಿ. ಮುಂದೆ ಪುಟ್ಟ ಇಲಿ, ಹಿಂದೆ ನಾಗರಹಾವು! ಇಬ್ಬರ ಬಾಯಲ್ಲೂ ಇರುವ ಒಂದು ವಸ್ತು ಯಾವುದು, ಹೇಳಿ ನೋಡೋಣ?

ವಿಷವೇ? ಅಲ್ಲ! ಹಲ್ಲೇ? ಅಯ್ಯೋ, ಬಿಡಿ!

ನರ ಬೆಳೆಸುವ ಪ್ರೋಟೀನು!

1950ರ ದಶಕ. ಅಮೆರಿಕದ ಸೇಂಟ್ ಲೂಯಿಸ್. ಇಲಿಯ ಗೆಡ್ಡೆಯೊಂದು ಕೋಳಿ ಭ್ರೂಣದ ನರಗಳನ್ನು ಬೆಳೆಸುವುದನ್ನು ವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿ ಕಂಡಿದ್ದರು. ಯಾವ ವಸ್ತುವಿನ ಕೆಲಸವಿದು? ಹುಡುಕಾಟಕ್ಕೆ ಸ್ಟ್ಯಾನ್ಲಿ ಕೋಹೆನ್ ಜೊತೆಯಾದರು. ಗೆಡ್ಡೆಯ ಸಾರದಲ್ಲಿದ್ದ ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯಲು ಒಂದಿಷ್ಟು ಹಾವಿನ ವಿಷ ಬೆರೆಸಿದರು. ನರಗಳು ಸತ್ತವೇ? ಹುಚ್ಚೆದ್ದು ಬೆಳೆದವು! ವಿಷದಲ್ಲೇ ಆ ಪ್ರೋಟೀನು ಇತ್ತು. ಗೆಡ್ಡೆಯ ಸಾರಕ್ಕಿಂತ ಅದರ ಕಸುವು ಸಾವಿರ ಪಟ್ಟಿಗೂ ಮಿಗಿಲು!

ವಿಷಗ್ರಂಥಿಯೆಂದರೆ ಜೊಲ್ಲುಗ್ರಂಥಿಯ ನೆಂಟನೇ ತಾನೆ? ಹಾಗಾದರೆ ಇಲಿಯ ಜೊಲ್ಲುಗ್ರಂಥಿ? ನೋಡಿದರೆ ಅಲ್ಲೂ ಇದೆ! ಗಂಡಿಲಿಯಲ್ಲಂತೂ ರಾಶಿ!

ತಾಳಿ, ಮುಗಿಯಲಿಲ್ಲ. ಆ ಜೊಲ್ಲುಗ್ರಂಥಿಯ ಸಾರವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದರು. ಮರಿ ಕಣ್ಣು ಬಿಡಲು ಸುಮಾರು ಎರಡು ವಾರ ಬೇಕು. ಇವು? 7 ದಿನಕ್ಕೇ ಪಿಳಿಪಿಳಿ! ಹಲ್ಲೂ ಬೇಗ ಬಂದವು! ಇದು ನರದ ಪ್ರೋಟೀನಿನ ಕೆಲಸವಲ್ಲ. ಸಾರದಲ್ಲಿ ಇನ್ನೊಂದು ಅಡಗಿ ಕೂತಿತ್ತು! ಅದೇ ಚರ್ಮದ ಕೋಶಗಳನ್ನು ಬೆಳೆಸುವ ಇಜಿಎಫ್. ಬರೀ 53 ಅಮೈನೋ ಆಮ್ಲಗಳ ಪುಟಾಣಿ! 1986ರಲ್ಲಿ ಇಬ್ಬರಿಗೂ ನೊಬೆಲ್.

ನಿಮ್ಮ ಜೊಲ್ಲಿನಲ್ಲೂ ಅದಿದೆ, ಈಗಲೂ!

ಇಂದು ಬ್ಯಾಕ್ಟೀರಿಯಾಗಳಿಂದಲೇ ಇಜಿಎಫ್ ಮಾಡಿಸುತ್ತಾರೆ. ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವ ದ್ರವಕ್ಕೆ ಹಾಕುತ್ತಾರೆ. ಎಷ್ಟು? ಚಮಚ? ಚಿಟಿಕೆ? ಮಿಲಿಲೀಟರಿಗೆ 10 ನ್ಯಾನೋಗ್ರಾಂ! ಲೆಕ್ಕ ಹಾಕಿ: ಒಂದೇ ಒಂದು ಗ್ರಾಂ ಇದ್ದರೆ 1 ಲಕ್ಷ ಲೀಟರಿಗೆ ಸಾಕು!

ಈಗ ಬೆಂಗಳೂರಿಗೆ ಬನ್ನಿ. ಇಜಿಎಫ್ ಬಂದು ಕೂರಲೆಂದೇ ಜೀವಕೋಶದ ಮೈಮೇಲೆ ಗ್ರಾಹಕಗಳಿವೆ. ತಲೆ, ಕತ್ತಿನ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಅವು ವಿಪರೀತ ಹೆಚ್ಚಿರುತ್ತವೆ. ಬೆಳೆ, ಬೆಳೆ ಎಂಬ ಅಪ್ಪಣೆ ನಿಲ್ಲುವುದೇ ಇಲ್ಲ! 2006ರಲ್ಲಿ ಇಲ್ಲಿನ ಬಯೋಕಾನ್ ಕಂಪನಿ ಮಾರುಕಟ್ಟೆಗೆ ತಂದ ನಿಮೊಟುಝುಮ್ಯಾಬ್ ಎಂಬ ಔಷಧ ಏನು ಮಾಡುತ್ತದೆ ಗೊತ್ತೇ? ಇಜಿಎಫ್ ಕೂರುವ ಜಾಗವನ್ನು ತಾನೇ ಮೊದಲು ಹಿಡಿದುಬಿಡುತ್ತದೆ!

ಬೆಂಗಳೂರಿನ ಕಂಪನಿ ಆ ಔಷಧವನ್ನು ಯಾವ ದೇಶದ ವಿಜ್ಞಾನಿಗಳಿಂದ ಪಡೆಯಿತು, ಊಹಿಸಿ. ಅಮೆರಿಕವೇ? ಜರ್ಮನಿಯೇ?

ಕ್ಯೂಬಾ!